ಒಂಬತ್ತರಿಂದ ಭಾಗಿಸಿದರೆ

ದುರ್ಗಿಗುಡಿಯಲ್ಲಿ, ಕನ್ನಡಕದಂಗಡಿಯ ಮೇಲೆ,
ಎರಡನೇ ಮಹಡಿಯ ಆಡಿಟರ್ ಆಫೀಸು.
ಬಿ.ಕಾಂ. ಐದನೇ ಸೆಮಿಸ್ಟರಿನ ನಾನು
ಭದ್ರಾವತಿಯಿಂದ ಬೆಳಗಿನ ರೈಲಿಗೆ ಬರುತ್ತೇನೆ,
ಹಾಗಾಗಿ ಇಲ್ಲಿ ನನ್ನ ಹೆಸರು ‘ಏ ಭದ್ರಾವತಿ’.
ಸಂಬಳವಿಲ್ಲ. ಎರಡು ಹೊತ್ತು ಚಹಾ ಇದೆ,
ಕೊನೆಗೊಂದು ಸರ್ಟಿಫಿಕೇಟು.

ಮೊದಲ ವಾರ
ಪಾಲುದಾರಿಕೆ ಪತ್ರಕ್ಕೆ ಪಂಚಿಂಗ್ ಮಷೀನಿಟ್ಟು ಒತ್ತಿದೆ.
ತೂತು ಸರಿಯಾಗಿ ಬಿದ್ದದ್ದು
ಪಾತ್ರೆ ಅಂಗಡಿ ಬಸವಣ್ಯಪ್ಪನವರ ಸಹಿಯ ‘ಪ್ಪ’ದ ಮೇಲೆ.
ಕಸದಬುಟ್ಟಿಯಿಂದ ಬಿಲ್ಲೆ ಆರಿಸಿ
ಗೋಂದು ಹಚ್ಚಿ ಕೂರಿಸಲು ನೋಡಿದೆ.
ಅದು ಬೇರೆ ಯಾರದೋ ಕಾಗದದ ಬಿಲ್ಲೆ.
ಹಸಿರು.

ಬೈಯಲಿಲ್ಲ ಯಾರೂ. ಅದೇ ಕಷ್ಟವಾದದ್ದು.
ಆಮೇಲೆ ಪ್ರತಿ ಅಂಕಿಯನ್ನೂ ಹೆದರಿ ಹೆದರಿ ಬರೆದೆ,
ಬಿಸಿ ಪಾತ್ರೆಯನ್ನು ಬರಿಗೈಲಿ ಇಳಿಸುವವಳ ಹಾಗೆ,
ಎಲ್ಲಿ ಇಡುತ್ತಿದ್ದೇನೆಂದು ನೋಡದೆ.

ಮೂರನೇ ವಾರ ತಾಳೆ ಪಟ್ಟಿ ತಾಳೆಯಾಗಲಿಲ್ಲ.
ಎಡಕ್ಕೂ ಬಲಕ್ಕೂ ಐದು ಸಾವಿರದ ನಾನೂರು ಅಂತರ.
ಎರಡು ದಿನ ಹುಡುಕಿದೆ. ಊಟದ ಡಬ್ಬಿ ತೆರೆಯಲಿಲ್ಲ.
ಶುಕ್ರವಾರ ಸಂಜೆ, ರೈಲಿಗೆ ಅರ್ಧ ಗಂಟೆ ಇರುವಾಗ,
‘ಇತರೆ ಖರ್ಚು’ ಎಂದು ಒಂದು ಸಾಲು ಬರೆದು
ಐದು ಸಾವಿರದ ನಾನೂರನ್ನು ಅದರೊಳಗೆ ಮಲಗಿಸಿ
ಚಾದರ ಹೊದೆಸಿದೆ.
ಎಷ್ಟು ಸುಲಭವಾಗಿ ತಾಳೆಯಾಗಿಬಿಟ್ಟಿತು!
ಆ ರಾತ್ರಿ ನಿದ್ದೆ ಬಂತು. ಅದನ್ನೂ ಹೇಳಬೇಕು.

ಸೋಮವಾರ ಫಿಲೋಮಿನಾ ಮೇಡಂ
(ಇಪ್ಪತ್ತೇಳು ವರ್ಷದಿಂದ ಅದೇ ಕುರ್ಚಿ, ಅದೇ ಕುಶನ್ನು)
ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು:
‘ಇತರೆ ಅಂದ್ರೆ ಯಾವ್ದಮ್ಮ?’
ನನ್ನ ಉತ್ತರಕ್ಕೆ ರಸೀದಿ ಇರಲಿಲ್ಲ.
ಗೋಪಿ ಸರ್ಕಲ್ಲಿನ ಕಡೆ ಬಸ್ಸೊಂದು ಹಾರನ್ ಹೊಡೆಯಿತು;
ಹೊಸನಗರದ್ದಾದರೂ ಸರಿ,
ಹತ್ತಿ ಹೋಗಿಬಿಡೋಣ ಅನ್ನಿಸಿತು.

‘ಒಂಬತ್ತರಿಂದ ಭಾಗಿಸಿ ನೋಡಿದ್ಯಾ?’
ಆರುನೂರು. ಶೇಷ ಇಲ್ಲ.
‘ಹಾಗಾದ್ರೆ ಅಂಕಿ ಎಲ್ಲೂ ಕಳೆದಿಲ್ಲ,
ಜಾಗ ಬದಲಾಯ್ಸಿದಾವೆ ಅಷ್ಟೆ.
ಆರು ಬಂತಲ್ಲ? ಪಕ್ಕಪಕ್ಕ ಕೂತ,
ಆರು ವ್ಯತ್ಯಾಸ ಇರೋ ಜೋಡಿ ಹುಡುಕು.’

ನಾಲ್ಕೇ ನಿಮಿಷ.
ಕುಕ್ಕರ್ ಖರೀದಿ, ಎಂಟು ಸಾವಿರದ ಇನ್ನೂರ ನಲವತ್ತು;
ನನ್ನ ಕೈಬರಹದಲ್ಲಿ ಎರಡು ಸಾವಿರದ ಎಂಟುನೂರ ನಲವತ್ತು.
ಎಂಟೂ ಎರಡೂ ಒಂದರ ಕುರ್ಚಿಯಲ್ಲಿ ಇನ್ನೊಂದು ಕೂತು
ಇಷ್ಟು ದಿನ ನನ್ನನ್ನೇ ನೋಡುತ್ತಿದ್ದವು.
ತಾರೀಖು ನೋಡಿದೆ:
ಸಹಿಗೆ ತೂತು ಬಿದ್ದ ಮರುದಿನ.

ವೈಟ್ನರ್ ತೆಗೆದೆ. ಕೈ ಹಿಡಿದರು.
‘ಅದು ಮದುವೆ ಮನೆ ಗೋಡೆಗೆ. ಪುಸ್ತಕಕ್ಕಲ್ಲ.
ಒಂದೇ ಗೆರೆ ಹೊಡಿ, ತಪ್ಪು ಓದೋಕೆ ಬರೋ ಹಾಗೆ.
ಮೇಲೆ ಸರಿಯಾದ್ದು ಬರಿ. ಪಕ್ಕದಲ್ಲಿ ನಿನ್ನ ಇನಿಷಿಯಲ್.
ನಾಳೆ ನೋಡೋರಿಗೆ ಎರಡೂ ಕಾಣ್ಬೇಕು.’

ಗೆರೆ ಸ್ವಲ್ಪ ಸೊಟ್ಟಗಾಯಿತು.
‘ಇತರೆ’ಯ ಪಕ್ಕ ‘ಇಂ’ ಎಂದು ಬರೆದೆ.
ಇಂಚರ.
ಈ ಆಫೀಸಿನಲ್ಲಿ ನನ್ನ ಹೆಸರು ಮೊದಲ ಸಲ ಬಂದದ್ದು
ಒಂದು ತಪ್ಪಿನ ಪಕ್ಕದಲ್ಲಿ.
ಈಗಲೂ ಕರೆಯುವುದು ಭದ್ರಾವತಿ ಅಂತಲೇ.

ನಿನ್ನೆ, ಗೆದ್ದಲು ಹಿಡಿದ ಅಲಮಾರು ಖಾಲಿ ಮಾಡುವಾಗ
ತೊಂಬತ್ತೆಂಟರ ಲೆಡ್ಜರೊಂದು ಕೈಯಿಂದ ಜಾರಿ ತೆರೆದುಕೊಂಡಿತು.
ಸಾವಿರದ ಆರುನೂರ ಮೂವತ್ತು, ಅದಕ್ಕೊಂದು ಗೆರೆ,
ಮೇಲೆ ಸಾವಿರದ ಮುನ್ನೂರ ಅರವತ್ತು,
ಪಕ್ಕದಲ್ಲಿ, ನೀಲಿ ಮಾಸಿದ್ದು, ‘ಫಿ’.
ಆಚೆ ಮೇಡಂ ಫೋನಿನಲ್ಲಿ
ಜಿ.ಎಸ್.ಟಿ. ಕಟ್ಟದ ಯಾರನ್ನೋ ಗದರುತ್ತಿದ್ದರು.
ನಿಂತಲ್ಲೇ ಕಳೆದೆ: ಇನ್ನೂರ ಎಪ್ಪತ್ತು.
ಭಾಗಿಸಿದೆ: ಮೂವತ್ತು.
ಧೂಳು ಒರೆಸಿ, ಆ ಪುಟದ ಮೂಲೆ ಮಡಚದ ಹಾಗೆ
ಮೆಲ್ಲಗೆ ಮುಚ್ಚಿದೆ.